ಟಿಸಿಪಿ, ಯುಡಿಪಿ, ಕ್ವಿಕ್: ಇಂಟರ್ನೆಟ್ ಟ್ರಾಫಿಕ್ ನಾಲ್ಕು ದಶಕಗಳಲ್ಲಿ ಬದಲಾದ ಬಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ಇಂಟರ್ನೆಟ್‌ನಲ್ಲಿ ಹರಿಯುವ ಡೇಟಾದಲ್ಲಿ, ಅದನ್ನು ಸಾಗಿಸುವ ಎರಡು ಮುಖ್ಯ ಪ್ರೊಟೊಕಾಲ್‌ಗಳಾದ (ನಿಯಮಾವಳಿಗಳಾದ) ಟಿಸಿಪಿಯ ಪಾಲು ಎಷ್ಟು, ಯುಡಿಪಿಯ ಪಾಲು ಎಷ್ಟು, ಆ ಪ್ರಮಾಣ ವರ್ಷಗಳು ಕಳೆದಂತೆ ಹೇಗೆ ಬದಲಾಗಿದೆ? ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಕಾಲೇಜು-ಕಚೇರಿಗಳಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವರು ಈ ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ‘ಟಿಸಿಪಿ ಇಳಿಯುತ್ತಿದೆ, ಯುಡಿಪಿ ಏರುತ್ತಿದೆ’ ಎಂದು ತೋರಿಸುವ ಗ್ರಾಫು ಸುಳ್ಳಲ್ಲ. ಆದರೆ ಟಿಸಿಪಿ ಮಾಡುತ್ತಿದ್ದ ಕೆಲಸವೇ ಇಳಿದಿದೆ ಎಂದು ಅದನ್ನು ಓದಿಕೊಂಡರೆ ತಪ್ಪಾಗುತ್ತದೆ. ಆ ಕೆಲಸ ಹಾಗೆಯೇ ಇದೆ, ಮಾಡುವ ಜಾಗ ಯುಡಿಪಿ ಮೇಲೆ ಕೂತ ಕ್ವಿಕ್ ಎಂಬ ಹೊಸ ಪ್ರೊಟೊಕಾಲ್‌ನತ್ತ ಬದಲಾಗಿದೆ.

ಟ್ರಾನ್ಸ್‌ಪೋರ್ಟ್ ಪ್ರೊಟೊಕಾಲ್ ಎಂದರೇನು? ಅದನ್ನು ಎಣಿಸುವುದು ಯಾಕೆ?

ಐಪಿ ಎಂಬುದು ಪ್ಯಾಕೆಟ್ಟನ್ನು (ಡೇಟಾದ ಒಂದು ತುಣುಕನ್ನು) ಒಂದು ವಿಳಾಸದಿಂದ ಇನ್ನೊಂದು ವಿಳಾಸಕ್ಕೆ ಸಾಗಿಸಲು ನೋಡುತ್ತದೆ, ಅಷ್ಟೇ. ಪ್ಯಾಕೆಟ್ ದಾರಿಯಲ್ಲಿ ಕಳೆದುಹೋಗಬಹುದು, ಹಿಂದೆ ಮುಂದಾಗಿ ಬರಬಹುದು, ಎರಡೆರಡು ಸಲ ಬರಬಹುದು. ಅದನ್ನೆಲ್ಲ ಸರಿಪಡಿಸುವುದೋ ಹಾಗೇ ಬಿಡುವುದೋ ಎಂದು ತೀರ್ಮಾನಿಸುವುದು ಮೇಲಿನ ಟ್ರಾನ್ಸ್‌ಪೋರ್ಟ್ ಪದರ.

ಟಿಸಿಪಿ ಪ್ರತಿ ಬೈಟ್‌ಗೂ ಕ್ರಮಸಂಖ್ಯೆ ಇಡುತ್ತದೆ, ತಲುಪಿದ್ದಕ್ಕೆ ಸ್ವೀಕೃತಿ ಪಡೆಯುತ್ತದೆ, ಕಳೆದುಹೋದದ್ದನ್ನು ಮತ್ತೆ ಕಳಿಸುತ್ತದೆ, ದಾರಿಯಲ್ಲಿ ದಟ್ಟಣೆ ಇದ್ದರೆ ತಾನೇ ವೇಗ ತಗ್ಗಿಸುತ್ತದೆ. ಇದಕ್ಕೆ ಕನಿಷ್ಠ 20 ಬೈಟ್‌ಗಳ ಹೆಡರ್ (ಪ್ಯಾಕೆಟ್ಟಿನ ಮೊದಲಿಗೆ ಇರುವ ವಿವರಚೀಟಿ) ಬೇಕು. ಯುಡಿಪಿಯ ಹೆಡರ್ ಬರೀ 8 ಬೈಟ್: ಎರಡು ಪೋರ್ಟ್ ಸಂಖ್ಯೆ (ಯಾವ ಸೇವೆಗೆ ಎಂಬ ಗುರುತು), ಉದ್ದ, ತಪ್ಪು ಪತ್ತೆ ಹಚ್ಚುವ ಚೆಕ್‌ಸಮ್. ಬೇರೇನೂ ಇಲ್ಲ. 1980ರ ಆಗಸ್ಟ್‌ನಲ್ಲಿ ಬಂದ ಅದರ ನಿಯಮಾವಳಿ, ಆರ್‌ಎಫ್‌ಸಿ 768, ಮೂರು ಪುಟ ಮಾತ್ರ.

ಪ್ರತಿ ಐಪಿವಿ4 ಪ್ಯಾಕೆಟ್ಟಿನ ಹೆಡರ್‌ನಲ್ಲಿ ಒಂದು ಬೈಟ್‌ನ ‘ಪ್ರೊಟೊಕಾಲ್’ ಜಾಗವಿದೆ. ಅಲ್ಲಿ 6 ಇದ್ದರೆ ಟಿಸಿಪಿ, 17 ಇದ್ದರೆ ಯುಡಿಪಿ, 1 ಇದ್ದರೆ ಐಸಿಎಂಪಿ, 132 ಇದ್ದರೆ ಎಸ್‌ಸಿಟಿಪಿ. ಒಳಗಿನ ವಿಷಯ ಎನ್‌ಕ್ರಿಪ್ಟ್ ಆಗಿದ್ದರೂ ಈ ಸಂಖ್ಯೆ ಎಲ್ಲರಿಗೂ ಕಾಣುತ್ತದೆ. ನಲವತ್ತು ವರ್ಷಗಳ ಲೆಕ್ಕವನ್ನು ಒಂದರ ಪಕ್ಕ ಒಂದು ಇಟ್ಟು ನೋಡಲು ಸಾಧ್ಯವಾಗಿರುವುದು ಇದರಿಂದಲೇ. ಲೆಕ್ಕದಿಂದ ಪ್ರಯೋಜನವೂ ಇದೆ. ರೂಟರಿನ ಬಫರ್ ಎಷ್ಟಿರಬೇಕು, ಫೈರ್‌ವಾಲ್ ಹೇಗಿರಬೇಕು, ದಾಳಿ ನಡೆದರೆ ಏನನ್ನು ತಡೆಯಬೇಕು ಎಂಬುದೆಲ್ಲ ‘ಹೆಚ್ಚಿನ ಟ್ರಾಫಿಕ್ ಹೀಗೆ ನಡೆದುಕೊಳ್ಳುತ್ತದೆ’ ಎಂಬ ನಂಬಿಕೆಯ ಮೇಲೆ ನಿಂತಿದೆ.

ಮೊದಲಿಗೆ ಪ್ರಮಾಣ ಎಷ್ಟಿತ್ತು?

ಇಂಟರ್ನೆಟ್‌ನ ಪೂರ್ವಜ ಅರ್ಪಾನೆಟ್ 1983ರ ಜನವರಿ 1ರಂದು ಹಳೆಯ ಎನ್‌ಸಿಪಿಯನ್ನು ಬಿಟ್ಟು ಟಿಸಿಪಿ/ಐಪಿಗೆ ಬದಲಾಯಿತು. ಆಮೇಲಿನ ಮೂರು ದಶಕ ಟಿಸಿಪಿಯದೇ ಕಾಲ. ಈಗಲೂ ಎಲ್ಲರೂ ಉದಾಹರಿಸುವುದು 1997ರಲ್ಲಿ ಅಮೆರಿಕದ ಎಂಸಿಐ ಕಂಪನಿಯ ಬೆನ್ನೆಲುಬು ಜಾಲದಲ್ಲಿ ನಡೆದ ಅಳತೆಯನ್ನು. ಅಲ್ಲಿ ಬೈಟ್‌ಗಳ ಲೆಕ್ಕದಲ್ಲಿ ಟಿಸಿಪಿ ಶೇ. 95ರಷ್ಟಿತ್ತು, ಪ್ಯಾಕೆಟ್‌ಗಳ ಲೆಕ್ಕದಲ್ಲಿ ಶೇ. 90ರಷ್ಟು. ಉಳಿದದ್ದರಲ್ಲಿ ಹೆಚ್ಚಿನದೆಲ್ಲ ಯುಡಿಪಿ.

ನಮ್ಮ ದೇಶದಲ್ಲಿ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಾಗ ಎರಡು ಬಗೆಯ ಡಯಲ್-ಅಪ್ ಖಾತೆಗಳಿದ್ದವು. ಅಕ್ಷರ ಮಾತ್ರ ಕಾಣುವ ‘ಶೆಲ್ ಅಕೌಂಟ್’ ಅಗ್ಗದ್ದು. ಚಿತ್ರಗಳ ಸಮೇತ ವೆಬ್ ತೋರಿಸುವ ದುಬಾರಿ ಖಾತೆಯ ಹೆಸರೇ ‘ಟಿಸಿಪಿ/ಐಪಿ ಅಕೌಂಟ್’. ಪ್ರೊಟೊಕಾಲ್‌ನ ಹೆಸರನ್ನೇ ಕೌಂಟರಿನಲ್ಲಿಟ್ಟು ಮಾರಿದ ಕಾಲ ಅದು.

ಆ 95ರ ಒಳಗೆ ಏನೂ ಬದಲಾಗಲೇ ಇಲ್ಲವೇ?

ತುಂಬಾ ಬದಲಾಯಿತು, ಹೊರಗಿನಿಂದ ಕಾಣಲಿಲ್ಲ. ಮೊದಲು ಫೈಲ್ ವರ್ಗಾವಣೆಯ ಎಫ್‌ಟಿಪಿ, ಇಮೇಲ್, ನ್ಯೂಸ್‌ಗ್ರೂಪ್‌ಗಳು. ಅಮೆರಿಕದ ಅಂದಿನ ಬೆನ್ನೆಲುಬು ಜಾಲ ಎನ್‌ಎಸ್‌ಎಫ್‌ನೆಟ್‌ನಲ್ಲಿ 1995ರ ಮಾರ್ಚ್‌ನಲ್ಲಿ ಪ್ಯಾಕೆಟ್ ಲೆಕ್ಕದಲ್ಲಿ, ಏಪ್ರಿಲ್‌ನಲ್ಲಿ ಬೈಟ್ ಲೆಕ್ಕದಲ್ಲಿ ವೆಬ್ ಎಫ್‌ಟಿಪಿಯನ್ನು ಹಿಂದಿಕ್ಕಿತು. 1999ರಲ್ಲಿ ನ್ಯಾಪ್‌ಸ್ಟರ್ ಬಂದ ಮೇಲೆ ಹಾಡು, ಸಿನಿಮಾ ಹಂಚಿಕೊಳ್ಳುವ ಪಿ2ಪಿ. ಆಮೇಲೆ ಯೂಟ್ಯೂಬ್, ನೆಟ್‌ಫ್ಲಿಕ್ಸ್. ಆಮೇಲೆ ಪೋರ್ಟ್ 80ರಲ್ಲಿದ್ದ ಬಯಲು ವೆಬ್ಬೆಲ್ಲ 443ರ ಎಚ್‌ಟಿಟಿಪಿಎಸ್‌ಗೆ ಸರಿಯಿತು. ಇಷ್ಟೆಲ್ಲ ನಡೆದರೂ ಹೆಡರ್‌ನಲ್ಲಿದ್ದ ಸಂಖ್ಯೆ ಅದೇ 6. ಪ್ರೊಟೊಕಾಲ್ ಪಾಲಿನ ಗ್ರಾಫ್ ಒಂದನ್ನೇ ನೋಡುತ್ತಿದ್ದವರಿಗೆ ಇಷ್ಟು ದೊಡ್ಡ ಬದಲಾವಣೆಗಳು ಚಪ್ಪಟೆ ಗೆರೆಯಾಗಿ ಕಂಡವು.

‘ವಿಡಿಯೊ, ಆಡಿಯೊಗೆ ಯುಡಿಪಿ’ ಎಂದು ಪಠ್ಯಪುಸ್ತಕದಲ್ಲಿದೆ. ಹಾಗಾದರೆ ವಿಡಿಯೊ ಹೆಚ್ಚಾದಾಗಲೇ ಯುಡಿಪಿ ಏರಬೇಕಿತ್ತಲ್ಲ?

ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಸಿಗಬಹುದು, ಜಾಲದಲ್ಲಿ ನಡೆದದ್ದು ಬೇರೆ. ಕಳೆದುಹೋದ ತುಣುಕನ್ನು ಕಾಯುತ್ತ ಕೂರುವ ಬದಲು ಮುಂದೆ ಹೋಗಬೇಕು ಎಂಬ ತರ್ಕದಲ್ಲಿ 1990ರ ದಶಕದ ಸ್ಟ್ರೀಮಿಂಗ್ ತಂತ್ರಜ್ಞಾನಗಳು ಯುಡಿಪಿಯನ್ನು ನೆಚ್ಚಿಕೊಂಡಿದ್ದವು. ಆದರೆ ಕಚೇರಿಗಳ ಫೈರ್‌ವಾಲ್‌ಗಳು ಯುಡಿಪಿಯನ್ನು ಒಳಗೆ ಬಿಡುತ್ತಿರಲಿಲ್ಲ, ವೆಬ್ ಮಾತ್ರ ಎಲ್ಲೆಡೆ ಹಾದುಹೋಗುತ್ತಿತ್ತು. ಅದಕ್ಕಾಗಿ ವಿಡಿಯೊವನ್ನು ಕೆಲವು ಸೆಕೆಂಡುಗಳ ಸಣ್ಣ ಫೈಲ್‌ಗಳಾಗಿ ಕತ್ತರಿಸಿ, ಸಾಮಾನ್ಯ ವೆಬ್ ಪುಟದಂತೆ ಎಚ್‌ಟಿಟಿಪಿಯಲ್ಲಿ ಕಳಿಸುವ ವಿಧಾನ ಗೆದ್ದಿತು. ಮುಂದಿನ ಕೆಲವು ಸೆಕೆಂಡುಗಳ ವಿಡಿಯೊ ಮೊದಲೇ ಬಫರ್‌ನಲ್ಲಿ ಇರುವುದರಿಂದ ಒಂದು ಪ್ಯಾಕೆಟ್ ತಡವಾದರೂ ನೋಡುವವರಿಗೆ ತಿಳಿಯುವುದಿಲ್ಲ. ಎಚ್‌ಟಿಟಿಪಿ ಎಂದರೆ ಆಗ ಟಿಸಿಪಿ. ಹೀಗಾಗಿ ವಿಡಿಯೊ ಅಲೆ ಟಿಸಿಪಿಯ ಪಾಲನ್ನು ಇಳಿಸುವ ಬದಲು ಇನ್ನಷ್ಟು ಗಟ್ಟಿ ಮಾಡಿತು.

2023ರ ನವೆಂಬರ್ 19ರ ವಿಶ್ವಕಪ್ ಕ್ರಿಕೆಟ್ ಫೈನಲ್ಲನ್ನು ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡಿದರು. ಲೈವ್ ಎಂದು ಕರೆದರೂ ಅಂಥ ಪ್ರಸಾರ ಕೂಡ ಮೊಬೈಲ್‌ಗೆ ಬರುವುದು ಕತ್ತರಿಸಿದ ತುಣುಕುಗಳಾಗಿಯೇ. ಟಿವಿಯಲ್ಲಿ ಪಕ್ಕದ ಮನೆಯವರು ಸಿಕ್ಸರ್‌ಗೆ ಕೂಗಿದ ಎಷ್ಟೋ ಹೊತ್ತಿನ ಮೇಲೆ ನಿಮ್ಮ ಫೋನಿನಲ್ಲಿ ಚೆಂಡು ಬೌಂಡರಿ ದಾಟುವುದಕ್ಕೆ ಇದೂ ಒಂದು ಕಾರಣ.

ಯುಡಿಪಿ ನಿಜವಾಗಿ ಉಳಿದುಕೊಂಡದ್ದು ಎರಡು ಕಡೆಯಿಂದ ಮಾತಾಡಬೇಕಾದಲ್ಲಿ: ವಾಟ್ಸ್ಆ್ಯಪ್ ಕರೆ, ವಿಡಿಯೊ ಮೀಟಿಂಗ್, ಆನ್‌ಲೈನ್ ಆಟ. ಆಟದಲ್ಲಿ ಪ್ಯಾಕೆಟ್‌ಗಳು ಬಹಳ, ಬೈಟ್‌ಗಳು ಕಡಿಮೆ. ಅದೇ ಆಟದ ಅಪ್‌ಡೇಟ್ ಇಳಿಸಿಕೊಳ್ಳುವಾಗ ಬರುವ ಗಿಗಾಬೈಟ್‌ಗಳು ವೆಬ್ ದಾರಿಯವು.

ಬೈಟ್, ಪ್ಯಾಕೆಟ್, ಫ್ಲೋ – ಯಾವ ಲೆಕ್ಕವನ್ನು ನಂಬಬೇಕು?

ಮೂರನ್ನೂ. ಆದರೆ ಯಾವುದು ಎಂದು ಹೇಳದೆ ‘ಯುಡಿಪಿ ಶೇ. ಇಷ್ಟು’ ಎನ್ನುವ ಲೇಖನವನ್ನು ನಂಬಬೇಡಿ. ಫ್ಲೋ ಎಂದರೆ ಎರಡು ಯಂತ್ರಗಳ ನಡುವಿನ ಒಂದು ಸಂವಾದ. ಒಂದು ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ಐಪಿ ವಿಳಾಸ ಹುಡುಕುವ) ಪ್ರಶ್ನೆ, ಒಂದು ಉತ್ತರ: ಅದೊಂದು ಫ್ಲೋ, ಕೆಲವು ನೂರು ಬೈಟ್. ಒಂದು ಸಿನಿಮಾ: ಅದೂ ಬೆರಳೆಣಿಕೆಯ ಫ್ಲೋಗಳು, ಗಿಗಾಬೈಟ್‌ಗಟ್ಟಲೆ ಡೇಟಾ. 2002ರಿಂದ 2009ರವರೆಗಿನ ಅಳತೆಗಳನ್ನು ಅಮೆರಿಕದ ಸ್ಯಾನ್ ಡಿಯಾಗೊದ ಕೈಡಾ ಸಂಸ್ಥೆ ಒಟ್ಟಿಗೆ ನೋಡಿದಾಗ ಇದೇ ಕಂಡಿತು. ಬೈಟ್, ಪ್ಯಾಕೆಟ್‌ಗಳಲ್ಲಿ ಟಿಸಿಪಿ ಮುಂದೆ, ಫ್ಲೋಗಳಲ್ಲಿ ಎಷ್ಟೋ ಕಡೆ ಯುಡಿಪಿ ಮುಂದೆ.

ಬೈಟ್ ಹೆಚ್ಚಿದ್ದದ್ದೇ ಮುಖ್ಯವಾದದ್ದು ಎಂದೂ ಅಲ್ಲ. ಯುಪಿಐ 2023ರ ಆಗಸ್ಟ್‌ನಲ್ಲಿ ಮೊದಲ ಸಲ ತಿಂಗಳಿಗೆ 1,000 ಕೋಟಿ ವಹಿವಾಟು ದಾಟಿತು. ದೇಶದ ತರಕಾರಿ ಅಂಗಡಿಯಿಂದ ಬಂಗಾರದ ಅಂಗಡಿಯವರೆಗೆ ಅದರ ಮೇಲೆ ನಿಂತಿದೆ. ಆದರೂ ಬೈಟ್ ಗ್ರಾಫಿನಲ್ಲಿ ಅದನ್ನು ಭೂತಗನ್ನಡಿ ಹಿಡಿದು ಹುಡುಕಬೇಕು.

ಯುಡಿಪಿ ಹೆಚ್ಚಾಗುತ್ತದೆ ಎಂದರೆ ಹಿಂದಿನವರು ಹೆದರುತ್ತಿದ್ದದ್ದು ಯಾಕೆ?

1986ರ ಅಕ್ಟೋಬರ್‌ನಲ್ಲಿ ನಡೆದದ್ದು ನೆಟ್‌ವರ್ಕಿಂಗ್ ಲೋಕಕ್ಕೆ ಮರೆಯಲಾಗದ ಪಾಠ. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ 400 ಗಜ ದೂರ. ಅವುಗಳ ನಡುವಿನ ವೇಗ ಸೆಕೆಂಡಿಗೆ 32 ಕಿಲೊಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಕಿಲೊಬಿಟ್ ಅಲ್ಲ, 40 ಬಿಟ್. ದಟ್ಟಣೆಯಲ್ಲಿ ಪ್ಯಾಕೆಟ್ ಕಳೆದಾಗ ಎಲ್ಲ ಕಂಪ್ಯೂಟರ್‌ಗಳೂ ಅದನ್ನೇ ಮತ್ತೆ ಮತ್ತೆ ಕಳಿಸಿ ದಟ್ಟಣೆ ಇನ್ನೂ ಹೆಚ್ಚಾಗಿತ್ತು. ಇದಕ್ಕೆ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರವೇ ಇವತ್ತಿನ ದಟ್ಟಣೆ ನಿಯಂತ್ರಣದ ತಳಹದಿ: ನಿಧಾನವಾಗಿ ಶುರು ಮಾಡು, ಪ್ಯಾಕೆಟ್ ಕಳೆದರೆ ಹಿಂದೆ ಸರಿ. ಯಾವ ಕೇಂದ್ರೀಯ ಅಧಿಕಾರವೂ ಇಲ್ಲದೆ ಕೋಟ್ಯಂತರ ಯಂತ್ರಗಳು ತಾವಾಗಿಯೇ ದಾರಿ ಬಿಟ್ಟುಕೊಡುವ ಈ ನಡತೆ ಕಂಪ್ಯೂಟರ್ ವಿಜ್ಞಾನದ ಅತ್ಯಂತ ಸುಂದರ ಸಾಧನೆಗಳಲ್ಲಿ ಒಂದು ಎಂದು ನಾನು ನಂಬಿದ್ದೇನೆ. ಯುಡಿಪಿಗೆ ಆ ನಡತೆ ಹುಟ್ಟಿನಿಂದ ಬಂದಿಲ್ಲ. ಆದ್ದರಿಂದಲೇ ಭಯ.

2003ರ ಜನವರಿ 25ರಂದು ಆ ಭಯ ನಿಜವಾಯಿತು. ಎಸ್‌ಕ್ಯೂಎಲ್ ಸ್ಲ್ಯಾಮರ್ ಎಂಬ ವರ್ಮ್ (ತಾನಾಗಿ ಹರಡುವ ದುಷ್ಟ ತಂತ್ರಾಂಶ) ಪೂರ್ತಿಯಾಗಿ 376 ಬೈಟ್, ಒಂದೇ ಒಂದು ಯುಡಿಪಿ ಪ್ಯಾಕೆಟ್ಟಿನಲ್ಲಿ ಹಿಡಿಸುವಷ್ಟು. ಟಿಸಿಪಿಯಾಗಿದ್ದರೆ ಪ್ರತಿ ಬಲಿಪಶುವಿನೊಂದಿಗೂ ಮೊದಲು ಕೈಕುಲುಕಿ ಉತ್ತರಕ್ಕೆ ಕಾಯಬೇಕಿತ್ತು. ಇದು ಕಾಯಲಿಲ್ಲ, ಲಿಂಕ್ ತಡೆಯುವಷ್ಟೂ ಎರಚಿತು. ಮೊದಮೊದಲು 8.5 ಸೆಕೆಂಡಿಗೊಮ್ಮೆ ಇಮ್ಮಡಿಸಿ, ದುರ್ಬಲವಾಗಿದ್ದ ಸರ್ವರ್‌ಗಳಲ್ಲಿ ಶೇ. 90ರಷ್ಟನ್ನು ಹತ್ತು ನಿಮಿಷದೊಳಗೆ ಮುಟ್ಟಿತು.

ಮುಂದೆ ಯುಡಿಪಿಯಲ್ಲಿ ಕಳಿಸಿದವರ ವಿಳಾಸವನ್ನು ಸುಳ್ಳು ಮಾಡಬಹುದು ಎಂಬುದನ್ನು ಬಳಸಿಕೊಂಡು ಸಣ್ಣ ಪ್ರಶ್ನೆಗೆ ದೊಡ್ಡ ಉತ್ತರವನ್ನು ಬಲಿಪಶುವಿನತ್ತ ಹೊಡೆಸುವ ವರ್ಧನ ದಾಳಿಗಳು ಬಂದವು. 2018ರ ಫೆಬ್ರವರಿ 28ರಂದು ಗಿಟ್‌ಹಬ್ ಮೇಲೆ ಮೆಮ್‌ಕ್ಯಾಶ್‌ಡಿ ಸರ್ವರ್‌ಗಳ ಮೂಲಕ ನಡೆದ ದಾಳಿ ಸೆಕೆಂಡಿಗೆ 1.35 ಟೆರಾಬಿಟ್ ಮುಟ್ಟಿತು. ಅಂಥ ದಿನ ಯುಡಿಪಿಯ ಪಾಲು ದಿಢೀರನೆ ಏರುತ್ತದೆ. ಅದನ್ನು ‘ಟ್ರೆಂಡ್’ ಎಂದು ಓದಬಾರದು.

ಎಲ್ಲ ಭಯವೂ ನಿಜವಾಗಲಿಲ್ಲ. 2008ರ ಕೊನೆಯಲ್ಲಿ ಫೈಲ್ ಹಂಚಿಕೊಳ್ಳುವ ಬಿಟ್‌ಟೊರೆಂಟ್ ಯುಡಿಪಿಗೆ ಹೊರಳುತ್ತಿದೆ ಎಂಬ ಸುದ್ದಿ ಬಂದಾಗ ಇಂಟರ್ನೆಟ್ ಕುಸಿದೇ ಹೋಗುತ್ತದೆ ಎಂದು ಬರೆದವರಿದ್ದರು. ನಡೆದದ್ದು ತದ್ವಿರುದ್ಧ. ಬಿಟ್‌ಟೊರೆಂಟ್ ತಂದ ಯುಟಿಪಿ ಎಂಬ ಆ ವಿಧಾನ ಟಿಸಿಪಿಗಿಂತಲೂ ಬೇಗ ಹಿಂದೆ ಸರಿಯುವಂತೆ ರೂಪುಗೊಂಡಿತ್ತು, ಪಕ್ಕದಲ್ಲಿ ಯಾರಾದರೂ ವೆಬ್ ನೋಡುತ್ತಿದ್ದರೆ ಜಾಗ ಬಿಡುತ್ತಿತ್ತು. ಅದರ ತತ್ತ್ವ 2012ರಲ್ಲಿ ಲೆಡ್‌ಬ್ಯಾಟ್ ಹೆಸರಿನಲ್ಲಿ ಆರ್‌ಎಫ್‌ಸಿಯೂ ಆಯಿತು. ಯುಡಿಪಿ ಮೇಲೆ ಕೂತದ್ದೆಲ್ಲ ಪುಂಡ ಎಂದು ತಿಳಿಯಬಾರದು ಎಂಬುದಕ್ಕೆ ಇದು ಮೊದಲ ದೊಡ್ಡ ಸಾಕ್ಷಿ.

ಹೊಸ ಪ್ರೊಟೊಕಾಲ್ ಬೇಕಿದ್ದರೆ ಹೊಸದಾಗಿಯೇ ಮಾಡಬಹುದಿತ್ತಲ್ಲ? ಯುಡಿಪಿ ಮೇಲೇಕೆ?

ಮಾಡಿ ನೋಡಿದ್ದರು. ಎಸ್‌ಸಿಟಿಪಿ 2000ದಲ್ಲಿ ಬಂತು, ಡಿಸಿಸಿಪಿ 2006ರಲ್ಲಿ. ಎರಡೂ ಒಳ್ಳೆಯ ವಿನ್ಯಾಸಗಳೇ. ಸಾರ್ವಜನಿಕ ಇಂಟರ್ನೆಟ್‌ನ ಅಳತೆಗಳಲ್ಲಿ ಎರಡೂ ಹುಡುಕಿದರೂ ಸಿಗುವುದಿಲ್ಲ. ಡಿಸಿಸಿಪಿ ಮೂಲೆ ಸೇರಿತು. ಎಸ್‌ಸಿಟಿಪಿ ಟೆಲಿಕಾಂ ಕಂಪನಿಗಳ ಒಳಜಾಲದಲ್ಲಿ ಬದುಕಿದೆ: ನಿಮ್ಮ 4ಜಿ, 5ಜಿ ಟವರ್ ಕೋರ್ ನೆಟ್‌ವರ್ಕಿಗೆ ಸಿಗ್ನಲಿಂಗ್ ಸಂದೇಶ ಕಳಿಸುವುದು ಅದರಲ್ಲೇ.

ಅಡ್ಡಿಯಾದದ್ದು ದಾರಿಯ ನಡುವಿನ ಪೆಟ್ಟಿಗೆಗಳು. ಮನೆಯ ವೈಫೈ ರೂಟರ್, ಮೊಬೈಲ್ ಕಂಪನಿಯ ದೊಡ್ಡ ನ್ಯಾಟ್ (ಒಂದು ಐಪಿ ವಿಳಾಸವನ್ನು ಹಲವರಿಗೆ ಹಂಚುವ ಪೆಟ್ಟಿಗೆ), ಕಚೇರಿಯ ಫೈರ್‌ವಾಲ್ – ಇವೆಲ್ಲ ಪೋರ್ಟ್ ಸಂಖ್ಯೆ ನೋಡಿ ಕೆಲಸ ಮಾಡುತ್ತವೆ. ಇವಕ್ಕೆ ಗೊತ್ತಿರುವುದು 6 ಮತ್ತು 17. ಬೇರೆ ಸಂಖ್ಯೆ ಬಂದರೆ ಪ್ಯಾಕೆಟ್ ಬಿಸಾಡುತ್ತವೆ. ಟಿಸಿಪಿಯನ್ನೇ ತಿದ್ದೋಣ ಎಂದರೂ ಕಷ್ಟ. ಅದರ ಹೆಡರ್ ಬಯಲಾಗಿರುವುದರಿಂದ ಈ ಪೆಟ್ಟಿಗೆಗಳು ಅದರಲ್ಲೂ ಕೈ ಆಡಿಸುತ್ತವೆ, ಪರಿಚಯವಿಲ್ಲದ ಆಪ್ಷನ್ ಕಂಡರೆ ಅಳಿಸುತ್ತವೆ. ಅಲ್ಲದೆ ಟಿಸಿಪಿ ಇರುವುದು ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್ ಒಳಗೆ. ಒಂದು ತಿದ್ದುಪಡಿ ಹಳೆಯ ಫೋನುಗಳನ್ನು ತಲುಪಲು ವರ್ಷಗಟ್ಟಲೆ ಬೇಕು, ಎಷ್ಟೋ ಫೋನುಗಳಿಗೆ ತಲುಪುವುದೇ ಇಲ್ಲ.

ಗೂಗಲ್‌ನಲ್ಲಿ ಜಿಮ್ ರೊಸ್ಕಿಂಡ್ 2012ರಲ್ಲಿ ರೂಪಿಸಿದ ಕ್ವಿಕ್ ಈ ಎರಡೂ ತೊಡಕುಗಳನ್ನು ಒಟ್ಟಿಗೆ ಬಿಡಿಸಿತು. ಹೊರಗೆ 17 ಎಂಬ ಹಳೆಯ ಸಂಖ್ಯೆ, ದಾರಿಯಲ್ಲಿ ಹೆಚ್ಚಿನವರು ತಡೆಯುವುದಿಲ್ಲ. ಒಳಗೆ ಕ್ರಮಸಂಖ್ಯೆ, ಸ್ವೀಕೃತಿ, ಮರುರವಾನೆ, ದಟ್ಟಣೆ ನಿಯಂತ್ರಣ ಎಲ್ಲವೂ ಇವೆ, ಅದೂ ಎನ್‌ಕ್ರಿಪ್ಟ್ ಆಗಿ, ನಡುವಿನ ಪೆಟ್ಟಿಗೆಗಳ ಕೈಗೆ ಸಿಗದಂತೆ. ಕೋಡ್ ಇರುವುದು ಬ್ರೌಸರ್ ಅಥವಾ ಆ್ಯಪ್‌ನಲ್ಲಿ. ಬ್ರೌಸರ್ ಅಪ್‌ಡೇಟ್ ಆದರೆ ಟ್ರಾನ್ಸ್‌ಪೋರ್ಟ್ ಕೂಡ ಅಪ್‌ಡೇಟ್ ಆದಂತೆ. ಜನ ಈಗ ಯಾವುದನ್ನು ‘ಯುಡಿಪಿ ಬಳಕೆ’ ಎನ್ನುತ್ತಾರೋ ಅದರ ದೊಡ್ಡ ಪಾಲು ಹೀಗೆ ಯುಡಿಪಿಯ ಹೊದಿಕೆಯೊಳಗಿನ ಟಿಸಿಪಿಯ ಕೆಲಸವೇ.

ಕ್ವಿಕ್‌ನಿಂದ ನಿಜವಾಗಿ ವೇಗ ಹೆಚ್ಚುತ್ತದೆಯೇ?

ಎಲ್ಲಿದ್ದೀರಿ ಎಂಬುದರ ಮೇಲೆ ನಿಂತಿದೆ, ಮತ್ತು ಭಾರತದ ಮಟ್ಟಿಗೆ 2017ರ ಅಳತೆಯಂತೆ ಉತ್ತರ ಹೌದು. ಗೂಗಲ್ ಎಂಜಿನಿಯರುಗಳು 2017ರಲ್ಲಿ ಪ್ರಕಟಿಸಿದ ಸಂಶೋಧನಾ ಪ್ರಬಂಧದಲ್ಲಿ ಮೂರು ದೇಶಗಳ ಹೋಲಿಕೆ ಇದೆ. ಪ್ಯಾಕೆಟ್ ಸರ್ವರ್‌ವರೆಗೆ ಹೋಗಿ ಬರಲು ಬೇಕಾದ ಕನಿಷ್ಠ ಸಮಯದ ಸರಾಸರಿ ದಕ್ಷಿಣ ಕೊರಿಯಾದಲ್ಲಿ 38 ಮಿಲಿಸೆಕೆಂಡ್, ಅಮೆರಿಕದಲ್ಲಿ 50, ಭಾರತದಲ್ಲಿ 188. ಟಿಸಿಪಿ ಮರುರವಾನೆ ಕೊರಿಯಾದಲ್ಲಿ ಶೇ. 1, ಭಾರತದಲ್ಲಿ ಶೇ. 8. ಕ್ವಿಕ್ ಬಳಸಿದಾಗ ಡೆಸ್ಕ್‌ಟಾಪ್‌ನಲ್ಲಿ ಗೂಗಲ್ ಹುಡುಕಾಟದ ವಿಳಂಬ ಕೊರಿಯಾದಲ್ಲಿ ಶೇ. 1.3ರಷ್ಟು ಮಾತ್ರ ತಗ್ಗಿತು, ಭಾರತದಲ್ಲಿ ಶೇ. 13.2ರಷ್ಟು. ಯೂಟ್ಯೂಬ್ ನಡುನಡುವೆ ನಿಂತು ಸುತ್ತುವುದು ಭಾರತದ ಮೊಬೈಲ್‌ಗಳಲ್ಲಿ ಶೇ. 20.2ರಷ್ಟು ಕಡಿಮೆಯಾಯಿತು.

ಆ 188 ಮಿಲಿಸೆಕೆಂಡನ್ನೇ ಇಟ್ಟುಕೊಂಡು ಲೆಕ್ಕ ಹಾಕಿ. ಹಳೆಯ ವಿಧಾನದಲ್ಲಿ ಟಿಸಿಪಿ ಹ್ಯಾಂಡ್‌ಶೇಕ್‌ಗೆ ಒಂದು ಸುತ್ತು, ಎನ್‌ಕ್ರಿಪ್ಷನ್ ಏರ್ಪಡಿಸುವ ಟಿಎಲ್‌ಎಸ್ 1.2ಕ್ಕೆ ಎರಡು ಸುತ್ತು: ‘ಈ ಪುಟ ಕೊಡು’ ಎಂದು ಕೇಳುವ ಮೊದಲೇ 564 ಮಿಲಿಸೆಕೆಂಡ್ ಹೋಯಿತು. 2018ರ ಟಿಎಲ್‌ಎಸ್ 1.3 ಬಂದ ಮೇಲೆ ಎರಡು ಸುತ್ತು, 376. ಕ್ವಿಕ್‌ನಲ್ಲಿ ಸಂಪರ್ಕವೂ ಎನ್‌ಕ್ರಿಪ್ಷನ್ನೂ ಒಂದೇ ಸುತ್ತಿನಲ್ಲಿ ಮುಗಿಯುತ್ತವೆ, 188. ಈ ಹಿಂದೆಯೇ ಭೇಟಿ ಕೊಟ್ಟಿದ್ದ ಸರ್ವರ್ ಆದರೆ ಕೆಲವೊಮ್ಮೆ ಸೊನ್ನೆ ಸುತ್ತು. ದೂರ ಹೆಚ್ಚಿದಷ್ಟೂ ಲಾಭ ಹೆಚ್ಚು. ಸರ್ವರ್ ನಿಮ್ಮ ಊರಲ್ಲೇ ಇದ್ದರೆ ವ್ಯತ್ಯಾಸ ಗೊತ್ತೇ ಆಗದಿರಬಹುದು.

ಇನ್ನೊಂದು ಲಾಭ ಸಾಲಿನ ತಡೆಯದ್ದು. ಟೋಲ್‌ಗೇಟಿನಲ್ಲಿ ಮುಂದಿನ ಲಾರಿಯ ಫಾಸ್ಟ್ಯಾಗ್ ಓದದಿದ್ದರೆ ಹಿಂದಿನ ಕಾರುಗಳೆಲ್ಲ ನಿಲ್ಲುವಂತೆ, ಟಿಸಿಪಿಯಲ್ಲಿ ಒಂದು ಪ್ಯಾಕೆಟ್ ಕಳೆದರೆ ಆ ಕನೆಕ್ಷನ್‌ನ ಉಳಿದ ಚಿತ್ರ, ಅಕ್ಷರಗಳೆಲ್ಲ ಕಾಯಬೇಕು. ಕ್ವಿಕ್‌ನಲ್ಲಿ ಪ್ರತಿ ಸ್ಟ್ರೀಮಿಗೂ ಬೇರೆ ಸಾಲು. ಮನೆಯ ವೈಫೈ ಬಿಟ್ಟು ಬೀದಿಗೆ ಬಂದು ಮೊಬೈಲ್ ಡೇಟಾಗೆ ಹೊರಳಿದಾಗ ಐಪಿ ವಿಳಾಸ ಬದಲಾಗಿ ಟಿಸಿಪಿ ಕನೆಕ್ಷನ್ ಸಾಯುತ್ತದೆ. ಕ್ವಿಕ್ ಕನೆಕ್ಷನ್‌ಗೆ ತನ್ನದೇ ಗುರುತು ಇರುವುದರಿಂದ ವಿಳಾಸ ಬದಲಾದರೂ ಮುಂದುವರಿಯಬಲ್ಲದು.

ಹಾಗಾದರೆ ಗೆರೆ ತಿರುಗಿದ್ದು ಯಾವಾಗ?

ಗೂಗಲ್ ಈ ಪ್ರಯೋಗವನ್ನು ಬಹಿರಂಗಪಡಿಸಿದ್ದು 2013ರಲ್ಲಿ. 2017ರ ಹೊತ್ತಿಗೆ ಗೂಗಲ್‌ನಿಂದ ಹೊರಡುವ ಟ್ರಾಫಿಕ್‌ನ ಶೇ. 30ಕ್ಕೂ ಹೆಚ್ಚು ಕ್ವಿಕ್ ಆಗಿತ್ತು. ಅಂದರೆ ಇಡೀ ಇಂಟರ್ನೆಟ್‌ನ ಶೇ. 7ರಷ್ಟು ಎಂದು ಅವರೇ ಅಂದಾಜಿಸಿದರು. 2020ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ ತನ್ನ ಇಂಟರ್ನೆಟ್ ಟ್ರಾಫಿಕ್‌ನಲ್ಲಿ ಶೇ. 75ಕ್ಕಿಂತ ಹೆಚ್ಚು ಕ್ವಿಕ್ ಮತ್ತು ಎಚ್‌ಟಿಟಿಪಿ/3 (ಕ್ವಿಕ್ ಮೇಲೆ ಓಡುವ ಎಚ್‌ಟಿಟಿಪಿ) ಎಂದಿತು. 2021ರ ಮೇ ತಿಂಗಳಲ್ಲಿ ಜನಾ ಅಯ್ಯಂಗಾರ್ ಮತ್ತು ಮಾರ್ಟಿನ್ ಥಾಮ್ಸನ್ ಸಂಪಾದಿಸಿದ ಆರ್‌ಎಫ್‌ಸಿ 9000 ಹೊರಬಂದು ಕ್ವಿಕ್ ಒಂದು ಕಂಪನಿಯ ಸೊತ್ತಾಗಿ ಉಳಿಯದೆ ಎಲ್ಲರ ಮಾನದಂಡವಾಯಿತು. ಎಚ್‌ಟಿಟಿಪಿ/3 2022ರ ಜೂನ್‌ನಲ್ಲಿ ಬಂತು. ಜಾಲತಾಣಗಳಿಗೆ ಸೇವೆ ಕೊಡುವ ಕ್ಲೌಡ್‌ಫ್ಲೇರ್ ಕಂಪನಿಯ 2024ರ ವಾರ್ಷಿಕ ಅವಲೋಕನದಲ್ಲಿ ಅದರ ಬಳಿ ಬಂದ ವೆಬ್ ಕೋರಿಕೆಗಳ ಐದರಲ್ಲೊಂದು ಪಾಲು ಎಚ್‌ಟಿಟಿಪಿ/3, ಅರ್ಧದಷ್ಟು ಎಚ್‌ಟಿಟಿಪಿ/2. ಇದು ಕೋರಿಕೆಗಳ ಲೆಕ್ಕ, ಬೈಟ್‌ಗಳದ್ದಲ್ಲ.

ಒಂದೊಂದು ವರದಿ ಒಂದೊಂದು ಅಂಕಿ ಹೇಳುತ್ತದೆ. ಯಾರೋ ಸುಳ್ಳು ಹೇಳುತ್ತಿದ್ದಾರೆಯೇ?

ಇಲ್ಲ, ನಿಂತು ನೋಡುವ ಜಾಗ ಬೇರೆ. 2018ರ ಒಂದು ಅಧ್ಯಯನ ಅದೇ ಕ್ವಿಕ್ಕನ್ನು ಬೇರೆ ಬೇರೆ ಕಡೆ ಅಳೆಯಿತು. ಒಂದು ದೊಡ್ಡ ಯುರೋಪಿಯನ್ ಇಂಟರ್ನೆಟ್ ಎಕ್ಸ್‌ಚೇಂಜ್‌ನಲ್ಲಿ (ಬೇರೆ ಬೇರೆ ಜಾಲಗಳು ಕೂಡುವ ಜಾಗದಲ್ಲಿ) ಅದು ಶೇ. 2.6, ಮೊಬೈಲ್ ಸೇವಾದಾರರ ಜಾಲದಲ್ಲಿ ಶೇ. 9.1. ಎರಡೂ ಸರಿ. ದೊಡ್ಡ ಕಂಪನಿಗಳ ಕ್ಯಾಶ್ ಸರ್ವರ್‌ಗಳು (ವಿಡಿಯೊಗಳ ಪ್ರತಿ ಇಟ್ಟುಕೊಂಡ ಯಂತ್ರಗಳು) ಸೇವಾದಾರರ ಕಟ್ಟಡದೊಳಗೇ ಇರುತ್ತವೆ. ನೀವು ನೋಡುವ ಯೂಟ್ಯೂಬ್ ವಿಡಿಯೊ ಬಹುಶಃ ಯಾವ ಎಕ್ಸ್‌ಚೇಂಜನ್ನೂ ಸಮುದ್ರದಡಿಯ ಕೇಬಲ್ಲನ್ನೂ ದಾಟಿಯೇ ಇರುವುದಿಲ್ಲ. ಆ ಕೇಬಲ್ಲಿನ ಮೇಲೆ ಕೂತು ಅಳೆಯುವವರಿಗೆ ಅದು ಕಾಣುವುದಾದರೂ ಹೇಗೆ?

ಇನ್ನೂ ವಿಚಿತ್ರವಾದದ್ದೊಂದಿದೆ. 4ಜಿ ಜಾಲದಲ್ಲಿ ನಿಮ್ಮ ಫೋನಿನ ಪ್ರತಿ ಪ್ಯಾಕೆಟ್ಟನ್ನೂ ಟವರ್ ಜಿಟಿಪಿ ಎಂಬ ಹೊದಿಕೆಯಲ್ಲಿ ಸುತ್ತಿ ಕೋರ್‌ಗೆ ಕಳಿಸುತ್ತದೆ. ಆ ಹೊದಿಕೆ ಹೋಗುವುದು ಯುಡಿಪಿ ಪೋರ್ಟ್ 2152ರಲ್ಲಿ. ಅಲ್ಲಿ ಹೊರಗಿನ ಹೆಡರ್ ಮಾತ್ರ ಎಣಿಸಿದರೆ ನಿಮ್ಮ ಅಪ್ಪಟ ಟಿಸಿಪಿ ಬ್ಯಾಂಕ್ ವ್ಯವಹಾರವೂ ‘ಯುಡಿಪಿ’. ಡೇಟಾ ಸೆಂಟರ್‌ಗಳ ವಿಎಕ್ಸ್‌ಲ್ಯಾನ್ ಎಂಬ ಹೊದಿಕೆಯ ಕಥೆಯೂ ಇದೇ, ಪೋರ್ಟ್ 4789. ಆದ್ದರಿಂದ ಯಾವ ಅಂಕಿ ನೋಡಿದರೂ ಎಲ್ಲಿ ಅಳೆದರು, ಏನನ್ನು ಎಣಿಸಿದರು, ಯಾವ ಪದರದ ಹೆಡರ್ ನೋಡಿದರು ಎಂದು ಕೇಳಿ.

ಕೋವಿಡ್ ಕಾಲದಲ್ಲಿ ಏನಾಯಿತು?

2020ರ ಮಾರ್ಚ್‌ನಲ್ಲಿ ಯುರೋಪಿನ ಜಾಲಗಳಲ್ಲಿ ಕೆಲವೇ ದಿನಗಳಲ್ಲಿ ಟ್ರಾಫಿಕ್ ಶೇ. 15ರಿಂದ 20ರಷ್ಟು ಏರಿತು. ವಿಡಿಯೊ ಮೀಟಿಂಗ್, ವಿಪಿಎನ್, ಆಟ ಹೆಚ್ಚಾದಾಗ ಯುಡಿಪಿಗೂ ಅದರ ಪಾಲು ಸಿಕ್ಕಿತು. ಭಾರತದಲ್ಲಿ ಸ್ಟ್ರೀಮಿಂಗ್ ಕಂಪನಿಗಳು ಮೊಬೈಲ್ ಜಾಲಗಳಲ್ಲಿ ವಿಡಿಯೊವನ್ನು 480ಪಿಗೆ ಇಳಿಸಿದವು. ಹಗಲಿನ ಹೊತ್ತಿನ ಬಳಕೆ ಹೆಚ್ಚಿತು ಎಂಬುದು ದೊಡ್ಡ ಬದಲಾವಣೆ. ಪ್ರೊಟೊಕಾಲ್ ಪಾಲಿನ ಮಟ್ಟಿಗೆ ಅದು ಮೊದಲೇ ಶುರುವಾಗಿದ್ದ ಏರಿಕೆಗೆ ಸಿಕ್ಕ ಒಂದು ತಳ್ಳು.

ಎಲ್ಲವೂ ಯುಡಿಪಿ ಕಡೆಗೇ ಹೋಗುತ್ತಿದೆಯೇ?

ಡಿಎನ್‌ಎಸ್ ಹಿಮ್ಮುಖವಾಗಿ ನಡೆಯುತ್ತಿದೆ. ಯುಡಿಪಿ 53ರಲ್ಲಿ ಬಯಲಾಗಿ ಹೋಗುತ್ತಿದ್ದ ಪ್ರಶ್ನೆಗಳು ಗೋಪ್ಯತೆಗಾಗಿ ಟಿಎಲ್‌ಎಸ್ ಮೇಲೆ 2016ರಲ್ಲಿ, ಎಚ್‌ಟಿಟಿಪಿಎಸ್ ಮೇಲೆ 2018ರಲ್ಲಿ ಹೋಗಲು ಶುರುವಾದವು. ಎರಡೂ ಮೊದಲಿಗೆ ಟಿಸಿಪಿ. ಪಠ್ಯಪುಸ್ತಕದಲ್ಲಿ ಟಿಸಿಪಿಗೆ ಉದಾಹರಣೆಯಾಗಿದ್ದ ವೆಬ್ ಯುಡಿಪಿಗೆ, ಯುಡಿಪಿಗೆ ಉದಾಹರಣೆಯಾಗಿದ್ದ ಡಿಎನ್‌ಎಸ್ ಟಿಸಿಪಿಗೆ. ಪಠ್ಯಕ್ರಮ ಬರೆಯುವವರು ಇದನ್ನು ಗಮನಿಸಲೇಬೇಕು.

ಟಿಸಿಪಿ ಸಾಯುತ್ತದೆಯೇ?

ಇಲ್ಲ. ಇಮೇಲ್, ಎಸ್‌ಎಸ್‌ಎಚ್, ಡೇಟಾಬೇಸ್, ವೆಬ್‌ನ ಅರ್ಧಕ್ಕಿಂತ ಹೆಚ್ಚು ಪಾಲು ಅದರ ಮೇಲೇ ಇದೆ. ಅದರ ನಿಯಮಾವಳಿಯನ್ನು 2022ರ ಆಗಸ್ಟ್‌ನಲ್ಲಷ್ಟೇ ಆರ್‌ಎಫ್‌ಸಿ 9293 ಎಂದು ಹೊಸದಾಗಿ ಬರೆದಿದ್ದಾರೆ. ಕ್ವಿಕ್ ದುಬಾರಿ ಕೂಡ. ಗೂಗಲ್‌ನ ಸರ್ವರ್‌ಗಳಲ್ಲಿ ಅದು ಮೊದಲಿಗೆ ಟಿಸಿಪಿಯ ಮೂರೂವರೆ ಪಟ್ಟು ಸಿಪಿಯು ತಿನ್ನುತ್ತಿತ್ತು, ತಿದ್ದಿ ತಿದ್ದಿ ಎರಡು ಪಟ್ಟಿಗೆ ಇಳಿಸಿದರು. ಟಿಸಿಪಿಗೆ ದಶಕಗಳ ಕರ್ನಲ್ ಕುಸುರಿ ಮತ್ತು ನೆಟ್‌ವರ್ಕ್ ಕಾರ್ಡ್‌ಗಳ ಬೆಂಬಲವಿದೆ. ನೆಟ್‌ಫ್ಲಿಕ್ಸ್ 2021ರಲ್ಲಿ ಒಂದೇ ಸರ್ವರ್‌ನಿಂದ ಸೆಕೆಂಡಿಗೆ 400 ಗಿಗಾಬಿಟ್ ಎನ್‌ಕ್ರಿಪ್ಟೆಡ್ ವಿಡಿಯೊ ಕಳಿಸಿ ತೋರಿಸಿದ್ದು ಟಿಸಿಪಿಯಲ್ಲೇ.

ಇದನ್ನು ನಾನೇ ನೋಡಬಹುದೇ?

ಕ್ರೋಮ್ ಅಥವಾ ಫೈರ್‌ಫಾಕ್ಸ್‌ನಲ್ಲಿ ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಟ್ಯಾಬಿಗೆ ಹೋಗಿ. ಪಟ್ಟಿಯ ತಲೆಬರಹದ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರೊಟೊಕಾಲ್’ ಕಾಲಂ ಆರಿಸಿ, ಯೂಟ್ಯೂಬ್ ತೆರೆಯಿರಿ. ಎಚ್‌3 ಎಂದಿದ್ದರೆ ಕ್ವಿಕ್, ಎಚ್‌2 ಎಂದಿದ್ದರೆ ಟಿಸಿಪಿ. ಆಮೇಲೆ ಯಾವುದಾದರೂ ಸರ್ಕಾರಿ ಜಾಲತಾಣ, ನಿಮ್ಮ ಕಾಲೇಜಿನ ಜಾಲತಾಣ ತೆರೆದು ಹೋಲಿಸಿ. ಪ್ಯಾಕೆಟ್‌ಗಳನ್ನು ಬಿಡಿಸಿ ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ಇದ್ದರೆ ಇನ್ನೂ ಒಳಗೆ ಹೋಗಬಹುದು: ಯುಡಿಪಿ 443ಕ್ಕೆ ಫಿಲ್ಟರ್ ಹಾಕಿ ಮೊದಲ ಪ್ಯಾಕೆಟ್ ನೋಡಿ. ಕ್ವಿಕ್‌ನ ಆರಂಭಿಕ ಪ್ಯಾಕೆಟ್ ಹೊತ್ತ ಯುಡಿಪಿ ಪೇಲೋಡ್ ಕನಿಷ್ಠ 1,200 ಬೈಟ್ ಇರಲೇಬೇಕು ಎಂಬ ನಿಯಮವಿದೆ. ಹೇಳಲು ಹೆಚ್ಚು ವಿಷಯ ಇಲ್ಲದಿದ್ದರೂ ಸೊನ್ನೆಗಳನ್ನು ತುಂಬಿ ಉದ್ದ ಮಾಡಿರುತ್ತಾರೆ. ಸುಳ್ಳು ವಿಳಾಸದಿಂದ ಸಣ್ಣ ಪ್ಯಾಕೆಟ್ ಕಳಿಸಿ ದೊಡ್ಡ ಉತ್ತರ ಹೊಡೆಸುವ ಹಳೆಯ ದಾಳಿಗೆ ದಾರಿ ಕೊಡದಿರುವುದು ಅದರ ಒಂದು ಉದ್ದೇಶ.

ದೀರ್ಘಕಾಲದ ಡೇಟಾ ಬೇಕಿದ್ದರೆ ಜಪಾನಿನ ವೈಡ್ ಯೋಜನೆಯ ಮಾವಿ ಸಂಗ್ರಹ ದೊಡ್ಡ ಖಜಾನೆ. ಪ್ರತಿ ದಿನ ಮಧ್ಯಾಹ್ನ 2 ಗಂಟೆಗೆ 15 ನಿಮಿಷ ಒಂದು ಬೆನ್ನೆಲುಬು ಲಿಂಕ್‌ನ ಪ್ಯಾಕೆಟ್ ಹೆಡರ್‌ಗಳನ್ನು ಹಿಡಿದು, ವಿಳಾಸಗಳನ್ನು ಮರೆಮಾಚಿ, ಎರಡು ದಶಕಗಳಿಗೂ ಮೀರಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಇಂಥ ತೆರೆದ ಸಂಗ್ರಹಗಳ ಬೆಲೆ ಈಗ ಇನ್ನೂ ಹೆಚ್ಚಿದೆ. ಟಿಸಿಪಿಯಲ್ಲಿ ಹೊರಗಿನ ಸಂಶೋಧಕರೂ ಮರುರವಾನೆ, ವಿಳಂಬಗಳನ್ನು ಅಳೆಯಬಹುದಿತ್ತು. ಕ್ವಿಕ್ ಎಲ್ಲವನ್ನೂ ಮುಚ್ಚಿದ ಮೇಲೆ ಆ ಮಾಹಿತಿ ಎರಡು ತುದಿಗಳಲ್ಲಿ ಮಾತ್ರ ಇದೆ, ಒಂದು ತುದಿ ಬಹುಪಾಲು ಬೆರಳೆಣಿಕೆಯ ಕಂಪನಿಗಳ ಕೈಯಲ್ಲಿದೆ. ಬಳಕೆದಾರರ ಗೋಪ್ಯತೆಗೆ ಅದು ಒಳ್ಳೆಯದೇ. ಆದರೆ ಎಲ್ಲರೂ ಬಳಸುವ ಜಾಲದ ಆರೋಗ್ಯ ತಿಳಿಯಲು ಕೆಲವೇ ಕಂಪನಿಗಳ ಬ್ಲಾಗ್ ಪೋಸ್ಟ್ ಕಾಯಬೇಕಾದ ಸ್ಥಿತಿ ನನಗೆ ಸಮಾಧಾನ ತರುವುದಿಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ತಮ್ಮ ಕ್ಯಾಂಪಸ್ ಲಿಂಕ್‌ನಲ್ಲಿ, ವಿಳಾಸಗಳನ್ನು ಮರೆಮಾಚಿ, ಇಂಥ ಸಣ್ಣ ಸಂಗ್ರಹ ಶುರು ಮಾಡಿದರೆ ಹತ್ತು ವರ್ಷದಲ್ಲಿ ಅದಕ್ಕೆ ಬೆಲೆ ಕಟ್ಟಲಾಗದು.

ನಮ್ಮ ಕಚೇರಿಯ ಫೈರ್‌ವಾಲ್‌ನಲ್ಲಿ ಯುಡಿಪಿ 443 ಮುಚ್ಚಿದರೆ ಏನಾಗುತ್ತದೆ?

ಹೆಚ್ಚಿನದೇನೂ ಕೆಡುವುದಿಲ್ಲ. ಕ್ವಿಕ್ ಸಿಗದಿದ್ದರೆ ಬ್ರೌಸರ್ ಟಿಸಿಪಿಗೆ ಮರಳುತ್ತದೆ. ಗೂಗಲ್‌ನ 2017ರ ಲೆಕ್ಕದಲ್ಲೇ ಶೇ. 4.4ರಷ್ಟು ಬಳಕೆದಾರರಿಗೆ ಕ್ವಿಕ್ ಬಳಸಲು ಆಗುತ್ತಿರಲಿಲ್ಲ, ಅವರ ಯೂಟ್ಯೂಬ್ ನಿಂತಿರಲಿಲ್ಲ. ದೂರದ ಸರ್ವರ್‌ಗಳಿಗೆ ತುಸು ನಿಧಾನವಾಗುತ್ತದೆ, ಅಷ್ಟೇ. ಪೂರ್ತಿ ಮುಚ್ಚುವುದಕ್ಕಿಂತ ಕೆಟ್ಟದ್ದು ಅರೆಬರೆ ತಡೆ. ದಾಳಿಗೆ ಹೆದರಿ ಎಲ್ಲ ಯುಡಿಪಿಗೂ ಒಂದೇ ವೇಗಮಿತಿ ಹಾಕಿಟ್ಟರೆ, ಕನೆಕ್ಷನ್ ಶುರುವಾಗುತ್ತದೆ, ಬೆಳಿಗ್ಗೆ ಚೆನ್ನಾಗಿರುತ್ತದೆ, ಮಧ್ಯಾಹ್ನ ಎಲ್ಲರೂ ಲಾಗಿನ್ ಆದಾಗ ಪ್ಯಾಕೆಟ್‌ಗಳು ಬೀಳತೊಡಗುತ್ತವೆ. ಟಿಸಿಪಿಗೆ ಮರಳಬೇಕು ಎಂದು ಬ್ರೌಸರ್‌ಗೆ ತೋಚುವುದಿಲ್ಲ, ಕಾರಣ ಹುಡುಕುವವರಿಗೂ ತೋಚುವುದಿಲ್ಲ.

ಮಿತಿ ಬೇಕೇ ಬೇಕೆಂದರೆ 443ಕ್ಕೆ ಬೇರೆ ಮಿತಿ ಇಡಿ. ಮಾನಿಟರಿಂಗ್ ಗ್ರಾಫಿನಲ್ಲಿ ಟಿಸಿಪಿ 443, ಯುಡಿಪಿ 443, ಉಳಿದ ಯುಡಿಪಿ ಎಂದು ಮೂರು ಬಣ್ಣ ಮಾಡಿಕೊಳ್ಳಿ. ‘ಯುಡಿಪಿ’ ಎಂಬ ಒಂದೇ ಬಣ್ಣವಿದ್ದರೆ, ರಾತ್ರಿ ಎರಡು ಗಂಟೆಗೆ ಗೆರೆ ದಿಢೀರನೆ ಏರಿದಾಗ ಅದು ದಾಳಿಯೋ ಹಾಸ್ಟೆಲಿನಲ್ಲಿ ಎಲ್ಲರೂ ವಿಡಿಯೊ ನೋಡುತ್ತಿದ್ದಾರೋ ಹೇಳಲು ಬರುವುದಿಲ್ಲ.